ಸ್ಯಾಫಿರಿನ್ ಪಕ್ಕದ ಬೆಣಚು ಚೂರು

ಕಲ್ಲನ್ನು ಅದರ ಆಚೆ ಬದಿಯ ಬೆಳಕು ಕಾಣುವವರೆಗೆ ತಿಕ್ಕುವುದು. ಏನು ಕೆಲಸ ಎಂದು ಕೇಳಿದವರಿಗೆ ಮೂವತ್ತನಾಲ್ಕು ವರ್ಷ ನಾನು ಕೊಟ್ಟ ಉತ್ತರ ಇಷ್ಟೇ. ಯಾರೂ ನಂಬುತ್ತಿರಲಿಲ್ಲ. ಯಡಿಯೂರಿನ ನಮ್ಮ ತವರು ಬೀದಿಯವರಂತೂ ನಾನು ಯಾವುದೋ ಗ್ರಾನೈಟ್ ಅಂಗಡಿಯಲ್ಲಿ ಅಡುಗೆಮನೆ ಕಟ್ಟೆಗೆ ಪಾಲಿಶ್ ಹಾಕುತ್ತೇನೆ ಎಂದೇ ತಿಳಿದಿದ್ದರು. ನನ್ನ ನಾದಿನಿ ಒಮ್ಮೆ ರಿಯಾಯಿತಿ ಸಿಗುತ್ತದೆಯೇ ಎಂದೂ ಕೇಳಿದ್ದಳು.

ನನ್ನ ಹೆಸರು ಮುನಿಲಕ್ಷ್ಮಿ, ಕೆಲಸದ ಜಾಗದಲ್ಲಿ ಲಕ್ಷ್ಮಮ್ಮ. ಬನಶಂಕರಿ ಎರಡನೇ ಹಂತದ ಒಂದು ಹಳೆಯ ಮನೆಯಲ್ಲಿದ್ದ ಶಿಲಾ ಪ್ರಯೋಗಾಲಯದಲ್ಲಿ ಕಲ್ಲಿನ ಸ್ಲೈಡ್ ಮಾಡುವವಳಾಗಿದ್ದೆ. ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಈಚೆಗೆ ಅದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಇಟ್ಟಮಡುವಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕಾಫಿ ಕುಡಿದು, ಮೊಬೈಲಿನಲ್ಲಿ ನನ್ನ ಮಾತು ರೆಕಾರ್ಡ್ ಮಾಡಲು ಹೊರಟರು. ಮಾತಾಡಿದರೆ ನಾನು ದಾರಿ ತಪ್ಪುತ್ತೇನೆ, ಬರೆದೇ ಕೊಡುತ್ತೇನೆ ಎಂದು ಕಳಿಸಿದೆ. ಬಡ್ತಿ, ಸನ್ಮಾನ, ಶಾಲು ಇವುಗಳ ವಿಷಯ ಇಲ್ಲಿಲ್ಲ. ಬಡ್ತಿ ನನಗೆ ಒಂದೇ ಸಲ ಸಿಕ್ಕಿದ್ದು, ಶಾಲು ಯಾರ ಮದುವೆಗೆ ಹೋಯಿತೋ ನೆನಪಿಲ್ಲ.

ಕೆಲಸ ಹೀಗೆ. ಕಲ್ಲಿನಿಂದ ಬಿಸ್ಕತ್ತಿನಷ್ಟು ತುಂಡು ಕೊಯ್ಯಬೇಕು. ಒಂದು ಮುಖ ನುಣ್ಣಗೆ ಮಾಡಿ ಗಾಜಿನ ಪಟ್ಟಿಗೆ ಅಂಟಿಸಬೇಕು. ಇನ್ನೊಂದು ಮುಖವನ್ನು ಕಬ್ಬಿಣದ ತಟ್ಟೆಯ ಮೇಲೆ ನೀರು ಮತ್ತು ಕಾರ್ಬೋರಂಡಂ ಎಂಬ ಗಟ್ಟಿ ಪುಡಿ ಹಾಕಿ ತಿಕ್ಕುತ್ತಾ ಹೋಗಬೇಕು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲಿ ಮೂರು ಪಾಲು ಉಳಿದಾಗ ಎಂಥ ಕರಿ ಬಂಡೆಯೂ ಬೆಳಕು ಬಿಡುತ್ತದೆ. ಆಮೇಲೆ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಒಳಗೆ ಯಾವ ಯಾವ ಖನಿಜ ಇದೆ, ಯಾವುದರ ಪಕ್ಕ ಯಾವುದು ಕೂತಿದೆ ಎಂದು ಓದುವವರು ವಿಜ್ಞಾನಿಗಳು. ಓದುವುದು ಅವರ ಕೆಲಸ, ಓದುವ ಹಾಗೆ ಮಾಡಿಕೊಡುವುದು ನಮ್ಮದು.

ನಾನು ಸೇರಿದಾಗ ಯಂತ್ರ ಒಂದೇ ಇತ್ತು, ಕೊಯ್ಯುವ ಗರಗಸ. ತಿಕ್ಕುವುದೆಲ್ಲ ಕೈಯಲ್ಲಿ. ಮೊದಲ ತಿಂಗಳಲ್ಲೇ ಒಂದು ಕಲ್ಲನ್ನು ತಿಕ್ಕಿ ತಿಕ್ಕಿ ಪೂರ್ತಿ ಇಲ್ಲವಾಗಿಸಿದೆ. ನಮ್ಮ ಅಪ್ಪ ಯಡಿಯೂರು ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದವರು, ಕೆಲಸ ಅಂದರೆ ಬಲವಾಗಿ ಮಾಡುವುದು ಎಂದೇ ನಮ್ಮ ಮನೆಯಲ್ಲಿ ಗೊತ್ತಿದ್ದುದು. ಕೊನೆಗೆ ಕೈಯಲ್ಲಿ ಬರೀ ಗಾಜು. ನನಗೆ ಕೆಲಸ ಕಲಿಸುತ್ತಿದ್ದ ಶಾಮಣ್ಣನವರು ಬಯ್ಯಲಿಲ್ಲ. "ಕಲ್ಲು ತಂದೋರು ಮೇಲ್ಗಡೆ ಕೂತಿದಾರೆ. ನೀನೇ ಹೋಗಿ ಹೇಳಮ್ಮ, ನಿಮ್ಮ ಕಲ್ಲು ಮೋರೀಲಿ ಹೋಯ್ತು ಅಂತ" ಎಂದರು. ಹೋಗಿ ಹೇಳಿದೆ. ಆ ಮನುಷ್ಯ ನನ್ನನ್ನೇ ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದರು. ಬೈಗುಳವಾದರೆ ಮರೆತುಹೋಗುತ್ತಿತ್ತು.

ಹಾಗಾದರೆ ಸಾಕಷ್ಟು ತೆಳುವಾಯಿತು ಎಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ಅಳತೆಗೋಲು ಬೆಣಚುಕಲ್ಲು, ಅಂದರೆ ಕ್ವಾರ್ಟ್ಸ್. ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಧ್ರುವಕ ಗಾಜುಗಳನ್ನು ಅಡ್ಡಡ್ಡ ಇಟ್ಟು ನೋಡಿದರೆ ದಪ್ಪ ಇರುವ ಬೆಣಚು ಹಳದಿಯಾಗಿ ಕಾಣುತ್ತದೆ. ತಿಕ್ಕುತ್ತಾ ಹೋದಂತೆ ಹಳದಿ ಬಿಟ್ಟು ಬೂದು ಬಿಳಿಗೆ ಬರುತ್ತದೆ. ಬೂದು ಬಿಳಿ ಬಂದ ಗಳಿಗೆಗೆ ಕೈ ನಿಲ್ಲಿಸಬೇಕು. ಬೆಂಗಳೂರಿನ ಸುತ್ತಿನ ಯಾವ ಬಂಡೆ ತಂದರೂ ಅದರಲ್ಲಿ ಬೆಣಚು ಇದ್ದೇ ಇರುತ್ತದೆ. ಆದ್ದರಿಂದ ನಮಗೆ ಬೇರೆ ಅಳತೆ ಬೇಕಾಗುತ್ತಿರಲಿಲ್ಲ.

ಆದರೆ ಬೇರೆ ಕಡೆಯ ಕೆಲವು ಕಲ್ಲುಗಳಲ್ಲಿ ಬೆಣಚೇ ಇರುವುದಿಲ್ಲ. ಆಗ ನಾವು ಒಂದು ಉಪಾಯ ಮಾಡುತ್ತಿದ್ದೆವು. ಶಾಮಣ್ಣನವರ ಡಬ್ಬಿಯಲ್ಲಿ ಶುಭ್ರವಾದ ಬೆಣಚಿನ ಹರಳೊಂದಿತ್ತು. ಅದರಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಚೂರು ಒಡೆದು, ಗಾಜಿನ ಪಟ್ಟಿಯ ಮೂಲೆಯಲ್ಲಿ, ಕಲ್ಲಿನ ಜೊತೆಗೇ ಅಂಟಿಸುವುದು. ಎರಡೂ ಒಟ್ಟಿಗೆ ಸವೆಯುತ್ತವೆ. ಚೂರು ಬೂದು ಬಿಳಿಯಾದರೆ ಕಲ್ಲೂ ಸರಿಯಾದ ದಪ್ಪಕ್ಕೆ ಬಂದಿದೆ ಎಂದು ಅರ್ಥ. ಇದಕ್ಕೆ ಎರಡು ಕಟ್ಟುನಿಟ್ಟು. ಚೂರಿಗೂ ಕಲ್ಲಿಗೂ ನಡುವೆ ಒಂದು ಅಕ್ಕಿಕಾಳಿನಷ್ಟಾದರೂ ಜಾಗ ಬಿಡಬೇಕು. ಮತ್ತೆ ಅದು ಹೊರಗಿನಿಂದ ಇಟ್ಟ ಚೂರು ಎಂದು ಗಾಜಿನ ಹಿಂಬದಿಗೆ ವಜ್ರದ ಮೊನೆಯ ಪೆನ್ಸಿಲಿನಿಂದ ಗೀರಿ ಗುರುತು ಮಾಡಬೇಕು. ಇಪ್ಪತ್ತಾರು ವರ್ಷ ಈ ಎರಡನ್ನೂ ನಾನು ತಪ್ಪಿಸಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಸುದ್ದಗುಂಟೆಪಾಳ್ಯದ ಕೃಷ್ಣಪ್ಪ ಎನ್ನುವವರು ಸ್ಕೂಟರಿನಲ್ಲಿ ಗೋಣಿಚೀಲ ಇಟ್ಟುಕೊಂಡು ಬಂದರು. ಮೂರು ಮನೆ ಬಾಡಿಗೆಗೆ ಕೊಟ್ಟು ನೆಮ್ಮದಿಯಾಗಿದ್ದ ಮನುಷ್ಯ. ಅವರ ಹೆಂಡತಿಯ ತವರು ಗುಂಡ್ಲುಪೇಟೆಯ ಕಡೆ. ಮಾವನ ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲು ಒಡೆದಾಗ ಒಳಗೆ ನೀಲಿ ಕಂಡಿತಂತೆ. ಚೀಲ ಬಿಚ್ಚಿ ಮುಷ್ಟಿ ಗಾತ್ರದ ಎರಡು ತುಂಡನ್ನು ನಮ್ಮ ಮುಖ್ಯಸ್ಥರಾಗಿದ್ದ ಮೂರ್ತಿ ಸಾರ್ ಮೇಜಿನ ಮೇಲೆ ಇಟ್ಟರು.

"ಸಾರ್, ಇದು ನೀಲ ತಾನೆ? ಜಯನಗರದಲ್ಲಿ ಒಬ್ರು ಶನಿಗೆ ಉಂಗುರ ಮಾಡಿಸ್ಕೊಳ್ಳಿ ಅಂದ್ರು."

ಮೂರ್ತಿ ಸಾರ್ ಮಸೂರದಲ್ಲಿ ನೋಡಿದರು. ಇನ್ನೊಂದು ಸಲ ನೋಡಿದರು. ಬೆಣಚಿನ ಚೂರಿನಿಂದ ನೀಲಿ ಕಾಳನ್ನು ಗೀರಿದರು, ಗೀರು ಬೀಳಲಿಲ್ಲ. ನೀಲವೋ ಕೆಂಪೋ ಆಗುವ ಕುರಂದದ ಹರಳಿನಿಂದ ಗೀರಿದರು, ಬಿತ್ತು. ನೀಲ ಎಂದರೆ ಕುರಂದವೇ, ಅದನ್ನು ಅದೇ ಗೀರುವುದು ಇಷ್ಟು ಸುಲಭವಲ್ಲ. ಇದು ಬೆಣಚಿಗಿಂತ ಗಟ್ಟಿ, ನೀಲಕ್ಕಿಂತ ಮೆದು.

"ನೀಲ ಅಲ್ಲ. ಇದು ನೀಲಕ್ಕಿಂತ ಅಪರೂಪ" ಎಂದರು ಸಾರ್.

ಕೃಷ್ಣಪ್ಪನವರ ಮುಖ ಅರಳಿತು. "ಹಂಗಾದ್ರೆ ರೇಟು?"

"ರೇಟು ಏನೂ ಇಲ್ಲ. ಕಾಳು ತೀರಾ ಸಣ್ಣದು, ಒಳಗೆಲ್ಲಾ ಬಿರುಕು. ಉಂಗುರಕ್ಕೆ ಬರಲ್ಲ."

"ಅಪರೂಪ ಅಂತೀರ, ರೇಟಿಲ್ಲ ಅಂತೀರ. ಒಂದ್ ಮಾತು ಹೇಳಿ ಸಾರ್" ಎಂದು ಕೃಷ್ಣಪ್ಪ ಬೇಸರದಿಂದ ನಕ್ಕರು. ಆದರೂ ಕಲ್ಲನ್ನು ಬಿಟ್ಟು ಹೋದರು. ಮನೆಗೆ ತಗೊಂಡು ಹೋಗಿ ಏನು ಮಾಡಲಿ, ಹೆಂಡತಿ ಚಟ್ನಿ ಅರೆಯೋಕೆ ಇಟ್ಕೊಳ್ತಾಳೆ ಎಂದರು.

ಅದು ಸ್ಯಾಫಿರಿನ್. ನೀಲಮಣಿಯಂಥ ಬಣ್ಣವೆಂದು ಆ ಹೆಸರು. ಇನ್ನೂರು ವರ್ಷದ ಹಿಂದೆ ಗ್ರೀನ್‌ಲ್ಯಾಂಡಿನಲ್ಲಿ ಮೊದಲು ಗುರುತಿಸಿದ್ದು. ನಮ್ಮ ಕಡೆ ಗುಂಡ್ಲುಪೇಟೆ ಸೀಮೆಯಲ್ಲಿ, ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ, ವಿಶಾಖಪಟ್ಟಣದ ಮೇಲಿನ ಬೆಟ್ಟಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಅದೂ ಬೆಟ್ಟಗಟ್ಟಲೆ ಅಲ್ಲ, ಒಂದು ಮೊಳ ಅಗಲದ ಪಟ್ಟಿಯಲ್ಲೋ ಒಂದು ಗುಂಡಿನಲ್ಲೋ. ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ವಿಪರೀತ ಇದ್ದು, ಸಿಲಿಕಾ, ಅಂದರೆ ಬೆಣಚಿನ ಸರಕು, ಕಡಿಮೆ ಇರುವ ಕಲ್ಲು ಭೂಮಿಯ ಆಳದಲ್ಲಿ ಚೆನ್ನಾಗಿ ಬೆಂದಾಗ ಹುಟ್ಟುವುದು. ಸಿಲಿಕೇಟ್ ಜಾತಿಯದೇ ಆದರೂ ಸಿಲಿಕಾ ಸಾಕಷ್ಟು ಸಿಕ್ಕರೆ ಇದು ನಿಲ್ಲುವುದಿಲ್ಲ, ಬೇರೆ ಖನಿಜವಾಗಿಬಿಡುತ್ತದೆ. ಹಾಗಾಗಿ ಸ್ಯಾಫಿರಿನ್ ಇರುವಲ್ಲಿ ಸಾಮಾನ್ಯವಾಗಿ ಬೆಣಚು ಇರುವುದಿಲ್ಲ. ಎರಡೂ ಮೈಗೆ ಮೈ ತಾಗಿ ಕೂತಿದ್ದರೆ ಆ ಕಲ್ಲು ಸುಮಾರು ಸಾವಿರ ಡಿಗ್ರಿಯ ಕಾವು ಕಂಡಿದೆ ಎಂದು ಲೆಕ್ಕ. ಭೂಮಿಯ ಹೊರಪದರದಲ್ಲಿ ಅಷ್ಟು ಕಾವು ತೀರಾ ಅಪರೂಪ.

ಮೂರ್ತಿ ಸಾರ್ ಹದಿನೆಂಟು ವರ್ಷದಿಂದ ಹಟ ಹಿಡಿದಿದ್ದ ವಿಷಯ ಅದೇ. ಗುಂಡ್ಲುಪೇಟೆಯ ಆ ಭಾಗ ಎಲ್ಲರೂ ಹೇಳುವುದಕ್ಕಿಂತ ಹೆಚ್ಚು ಬೆಂದಿದೆ ಎಂದು ಅವರ ವಾದ. ಸಭೆಗಳಲ್ಲಿ ಹೇಳುತ್ತಿದ್ದರು, ಜನ ನಗುತ್ತಿದ್ದರು. ಆಧಾರ ಇರಲಿಲ್ಲ. ಆಗ ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದವಳು ಭವ್ಯ, ತುಮಕೂರಿನ ಕಡೆಯ ಕಿರಾಣಿ ವ್ಯಾಪಾರಿಯ ಮಗಳು, ಮಾತು ಕಡಿಮೆ, ಹಟ ಜಾಸ್ತಿ. ಕೃಷ್ಣಪ್ಪನವರ ಕಲ್ಲನ್ನು ಸಾರ್ ಅವಳಿಗೆ ಒಪ್ಪಿಸಿದರು.

ಸ್ಲೈಡ್ ಮಾಡಲು ಕಲ್ಲು ನನ್ನ ಕೈಗೆ ಬಂತು. ನಮ್ಮ ತಿಕ್ಕುವ ಕೋಣೆ ಮನೆಯ ಹಿಂಬದಿಯ ಶೆಡ್ಡು. ಪಕ್ಕದ ಮನೆಯ ಆಂಟಿ ಮಧ್ಯಾಹ್ನ ಮಲಗುವ ಹೊತ್ತಿಗೆ ಗರಗಸ ಹಾಕಿದರೆ ಕಾಂಪೌಂಡಿನ ಮೇಲಿಂದ ತಲೆ ಹಾಕಿ ನೋಡುತ್ತಿದ್ದರು, ಅದಕ್ಕೆ ಕೊಯ್ಯುವುದೆಲ್ಲ ಬೆಳಿಗ್ಗೆಯೇ. ಸ್ಯಾಫಿರಿನ್ ಕೊಯ್ಯುವಾಗ ಗರಗಸದ ಸದ್ದು ಬದಲಾಗುತ್ತದೆ. ತಟ್ಟೆಯ ಮೇಲೆ ತಿಕ್ಕುವಾಗ ಸುತ್ತಲಿನ ಅಭ್ರಕ ಬೇಗ ಸವೆದು ನೀಲಿ ಕಾಳು ಮಾತ್ರ ಎದ್ದು ನಿಲ್ಲುತ್ತದೆ. ಅವಸರ ಮಾಡಿದರೆ ಕಿತ್ತೇ ಬರುತ್ತದೆ.

ಭವ್ಯ ನನ್ನ ಪಕ್ಕದಲ್ಲೇ ನಿಂತಿದ್ದಳು. "ಅಕ್ಕ, ಅಂಚು ಒಂಚೂರೂ ಕತ್ತರಿಸ್ಬೇಡಿ. ನೀಲಿ ಇರೋದೇ ಅಲ್ಲಿ."

ಅಂಚು ಕತ್ತರಿಸದೆ ಅಂಟಿಸಿದ್ದರಿಂದ ಗಾಜು ತುಂಬಿಹೋಯಿತು. ಬೆಣಚು ಚೂರಿಗೆ ಮೂಲೆಯಲ್ಲಿ ಜಾಗವೇ ಉಳಿಯಲಿಲ್ಲ. ಕಲ್ಲಿನ ಅಂಚಿನಲ್ಲಿ ಒಂದು ಕಡೆ ಸಣ್ಣ ಮುಕ್ಕು ಇತ್ತು. ಚೂರನ್ನು ಆ ಮುಕ್ಕಿನೊಳಗೆ ಕೂರಿಸಿದೆ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ವಜ್ರದ ಪೆನ್ಸಿಲಿನ ಮೊನೆ ಹಿಂದಿನ ದಿನವಷ್ಟೇ ಮುರಿದಿತ್ತು, ಹೊಸದು ಬಂದಿರಲಿಲ್ಲ. ಶಾಯಿಯಲ್ಲಿ ಗುರುತು ಹಾಕಿದೆ. ಆಮೇಲೆ ಗೀರಿದರಾಯಿತು ಎಂದುಕೊಂಡೆ. ಸ್ಲೈಡ್ ಮುಗಿಸಿ ಅಂಟು ಒರೆಸಲು ಅಸಿಟೋನಿನಲ್ಲಿ ತೊಳೆದೆ, ಶಾಯಿ ಅದರ ಜೊತೆಗೆ ಹೋಯಿತು. ಅದು ಹೋದದ್ದು ನನಗೆ ತಿಳಿಯಲೇ ಇಲ್ಲ. ಮಾರನೆಯ ದಿನದಿಂದ ಮಗಳ ಬಾಣಂತನಕ್ಕೆಂದು ಮೂರು ವಾರ ರಜೆ ಹಾಕಿದ್ದೆ, ಮನಸ್ಸೆಲ್ಲ ಅಲ್ಲೇ ಇತ್ತು.

ರಜೆ ಮುಗಿಸಿ ಬಂದ ದಿನ ಲ್ಯಾಬಿನಲ್ಲಿ ಮೈಸೂರು ಪಾಕಿನ ಡಬ್ಬಿ ತೆರೆದಿತ್ತು. ಎಲ್ಲರ ಮುಖದಲ್ಲೂ ನಗು. ಮೂರ್ತಿ ಸಾರ್ ಸ್ವತಃ ನನ್ನ ಕೈಗೆ ಒಂದು ತುಂಡು ಕೊಟ್ಟರು. ಅಂಥದ್ದು ಹಿಂದೆ ನಡೆದಿರಲಿಲ್ಲ.

"ಲಕ್ಷ್ಮಮ್ಮ, ನಿಮ್ಮ ಸ್ಲೈಡಲ್ಲೇ ಸಿಕ್ತು. ಸ್ಯಾಫಿರಿನ್ ಪಕ್ಕದಲ್ಲೇ ಕ್ವಾರ್ಟ್ಸ್. ನೋಡಿ."

ಗೋಡೆಯ ಮೇಲೆ ದೊಡ್ಡ ಚಿತ್ರ ಅಂಟಿಸಿದ್ದರು. ಎರಡು ಬದಿಯಲ್ಲಿ ಮಾಸಲು ನೀಲಿ, ನಡುವೆ ಬೂದು ಬಿಳಿ. ಹತ್ತು ದಿನ ಕಳೆದರೆ ಹೈದರಾಬಾದಿನಲ್ಲಿ ಸಭೆ, ಅಲ್ಲಿ ಭವ್ಯ ಈ ಚಿತ್ರ ತೋರಿಸಿ ಮಾತಾಡುವುದು ಎಂದು ನಿಶ್ಚಯವಾಗಿತ್ತು. ಅವಳ ಪ್ರಬಂಧದ ಮುಖ್ಯ ಅಧ್ಯಾಯ ಇದರ ಮೇಲೆಯೇ ನಿಂತಿತ್ತು.

ಆ ಚೂರನ್ನು ನಾನು ಗುರುತಿಸಿದೆ. ತನ್ನ ಕರುವನ್ನು ಹಸು ಗುರುತಿಸುವ ಹಾಗೆ ಗುರುತಿಸಿದೆ ಎಂದರೂ ತಪ್ಪಿಲ್ಲ, ವರ್ಷಗಟ್ಟಲೆ ಅದೇ ಹರಳಿನಿಂದ ಚೂರು ಒಡೆದವಳು ನಾನು. ಚೂರಿನ ಸುತ್ತ ಕೂದಲೆಳೆಯಷ್ಟು ಅಂಟಿನ ಗೆರೆಯೂ ಕಾಣುತ್ತಿತ್ತು. ಬಾಯಲ್ಲಿ ಮೈಸೂರು ಪಾಕ್ ಇತ್ತು. ನುಂಗಿದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಿಮಗೆ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಹೇಳಲು ಕೂತಿದ್ದೇನೆ. ಆ ದಿನ ಪೂರ್ತಿ ನಾನು ಸುಮ್ಮನಿದ್ದೆ. ಮುಂದೆ ಬೇರೆ ಯಾರಾದರೂ ಕಂಡುಹಿಡಿಯಲಿ, ಕಂಡುಹಿಡಿಯದಿದ್ದರೆ ಇನ್ನೂ ಒಳ್ಳೆಯದು ಎಂದು ಯೋಚಿಸಿದೆ. ಹೇಳಿದರೆ ಇಪ್ಪತ್ತಾರು ವರ್ಷದ ನನ್ನ ಹೆಸರು ಹೋಗುತ್ತದೆ, ಭವ್ಯಳ ಕೆಲಸ ಮಣ್ಣಾಗುತ್ತದೆ, ಸಾರ್ ಮತ್ತೆ ಎಲ್ಲರ ಬಾಯಿಗೆ ಸಿಗುತ್ತಾರೆ. ನಾನು ಹೆದರಿದ್ದೆ. ಬಸ್ಸಿನಲ್ಲಿ ಕೂತು ಇಟ್ಟಮಡು ತಲುಪುವವರೆಗೂ ಹೆದರಿಕೆಯೇ. ಮನೆಗೆ ಬಂದು ಅನ್ನಕ್ಕೆ ಇಡುವಾಗ ಅಕ್ಕಿಯಲ್ಲಿ ಬಿಳಿ ಕಲ್ಲೊಂದು ಸಿಕ್ಕಿತು. ಅದನ್ನು ಆರಿಸಿ ಎಸೆಯದೆ ಅನ್ನ ಮಾಡುತ್ತೀಯೇನೇ ಎಂದು ನನ್ನನ್ನೇ ಕೇಳಿಕೊಂಡೆ. ಬೆಳಿಗ್ಗೆ ಹೇಳುವುದೆಂದು ತೀರ್ಮಾನವಾಯಿತು. ಆಮೇಲೆ ಊಟ ಸೇರಿತು.

ಬೆಳಿಗ್ಗೆ ಮೂರ್ತಿ ಸಾರ್ ಬಾಗಿಲು ತೆಗೆಯುವ ಮೊದಲೇ ನಾನು ಹೊರಗೆ ನಿಂತಿದ್ದೆ.

"ಸಾರ್, ಆ ಬೆಣಚು ಕಲ್ಲಿನದಲ್ಲ. ನಾನು ಇಟ್ಟಿದ್ದು. ದಪ್ಪ ನೋಡ್ಕೊಳ್ಳೋಕೆ ಇಡೋ ಚೂರು. ಗುರುತು ಅಳಿಸಿಹೋಗಿದೆ, ತಪ್ಪು ನನ್ನದು."

ಅವರು ಕುರ್ಚಿಯಲ್ಲಿ ಕೂತರು. ಅವರು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನಂಬಲಿಲ್ಲ.

"ಚೂರು ಯಾವಾಗಲೂ ಮೂಲೇಲಿ ಇಡ್ತೀರಿ. ಇದು ಕಲ್ಲಿನ ಒಳಗಿದೆ."

"ಅಂಚಲ್ಲಿ ಮುಕ್ಕಿತ್ತು ಸಾರ್. ಅದರಲ್ಲಿ ಕೂರಿಸ್ದೆ. ಸುತ್ತ ಅಂಟಿನ ಗೆರೆ ಇದೆ ನೋಡಿ."

"ಬಿರುಕು ಇದ್ದ ಕಡೆಯೆಲ್ಲ ಅಂಟು ಇಳಿಯುತ್ತೆ. ನಿಮಗೇ ಗೊತ್ತು."

"ಬೆಂದ ಕಲ್ಲಿನ ಬೆಣಚಾದ್ರೆ ತಿರುಗಿಸ್ದಾಗ ನೆರಳು ಅಲೆಅಲೆಯಾಗಿ ಹೋಗತ್ತೆ. ಇದು ಒಂದೇ ಸಲ ಕಪ್ಪಾಗತ್ತೆ, ನನ್ನ ಹರಳಿನ ಥರ."

"ಇಷ್ಟು ಸಣ್ಣ ಚೂರಲ್ಲಿ ಅಲೆ ಕಾಣಲ್ಲ ಲಕ್ಷ್ಮಮ್ಮ. ನೀವು ಮೂರು ವಾರ ಇರಲಿಲ್ಲ. ಬೇರೆ ಸ್ಲೈಡಿನ ನೆನಪು ಇದಕ್ಕೆ ಸೇರಿಸ್ಕೊಂಡಿದೀರ. ಓದೋದು ನಮಗೆ ಬಿಡಿ."

ಆ ಕೊನೆಯ ಮಾತು ನನಗೆ ನಾಟಿತು, ನಿಜ. ಆದರೆ ಹದಿನೆಂಟು ವರ್ಷ ಕಾದ ಮನುಷ್ಯನ ಕೈಯಿಂದ ಒಂದು ಮಾತಿನಲ್ಲಿ ಕಿತ್ತುಕೊಳ್ಳಲು ಹೊರಟಿದ್ದೆ ನಾನು, ಅವರಾದರೂ ಏನು ಮಾಡಿಯಾರು. ವಾದದಿಂದ ಆಗುವುದಿಲ್ಲ ಎಂದು ತಿಳಿಯಿತು. ವಾದ ಮಾಡುವುದು ನನ್ನ ಕೆಲಸವೂ ಅಲ್ಲ.

"ಸಾರ್, ಕಲ್ಲು ಇನ್ನೂ ಉಳಿದಿದೆ. ಅದೇ ಅಂಚಿಂದ ಒಂದರ ಪಕ್ಕ ಒಂದು ಸ್ಲೈಡ್ ಮಾಡ್ತೀನಿ. ಒಂದರಲ್ಲೂ ಚೂರು ಇಡಲ್ಲ. ಬೆಣಚು ಕಲ್ಲಲ್ಲೇ ಇದ್ರೆ ಯಾವುದರಲ್ಲಾದ್ರೂ ಸಿಗ್ಲೇಬೇಕು. ಸಿಕ್ಕಿದ್ರೆ ನಾನು ತಪ್ಪು, ನೀವು ಹೈದರಾಬಾದಿಗೆ ಹೋಗಿ."

"ಚೂರಿಲ್ಲದೆ ದಪ್ಪ ಹೇಗೆ ನೋಡ್ತೀರಿ?"

"ಪಕ್ಕದಲ್ಲಿ ಬೇರೆ ಗಾಜಿಗೆ ಬೆಣಚು ಅಂಟಿಸಿ ಎರಡೂ ಒಟ್ಟಿಗೆ ತಿಕ್ತೀನಿ. ಕೈ ನಿಧಾನ ಆಗತ್ತೆ ಅಷ್ಟೆ."

ಮಾಡಿ ಎಂದರು ಸಾರ್.

ಭವ್ಯಳಿಗೆ ವಿಷಯ ತಿಳಿದದ್ದು ಮಧ್ಯಾಹ್ನ. ಶೆಡ್ಡಿಗೆ ಬಂದು ನನ್ನ ಎದುರಿಗೆ ನಿಂತಳು. ಕಣ್ಣು ಕೆಂಪಾಗಿತ್ತು.

"ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಕ್ಕ."

"ಈಗ ಗೊತ್ತಾಗ್ತಿರ್ಲಿಲ್ಲ. ಸ್ಲೈಡು ಪೆಟ್ಟಿಗೇಲಿ ಇರತ್ತೆ ಕಣಮ್ಮ, ಎಲ್ಲೂ ಹೋಗಲ್ಲ. ಮುಂದೆ ಯಾರೋ ತೆಗ್ದು ನೋಡ್ತಾರೆ. ಅಷ್ಟೊತ್ತಿಗೆ ನಾನು ಮನೇಲಿರ್ತೀನಿ, ನೀನು ದೊಡ್ಡ ಮೇಡಂ ಆಗಿರ್ತೀಯ. ಬೀಳೋದು ನಿನ್ನ ತಲೆ ಮೇಲೆ."

ಅವಳು ಹೊರಟುಹೋದಳು. ಎರಡು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದು ಏಪ್ರನ್ ಹಾಕಿಕೊಂಡು ಎದುರಿನ ತಟ್ಟೆಗೆ ನಿಂತಳು. ತಿಕ್ಕಲು ನಾನೇ ಕಲಿಸಿದೆ. ಮೊದಲನೆಯದು ಮೋರಿಗೆ ಹೋಯಿತು. ಪರವಾಗಿಲ್ಲ ಎಂದೆ, ನನ್ನದೂ ಹೋಗಿತ್ತು.

ಏಳು ದಿನಕ್ಕೆ ಹನ್ನೊಂದು ಸ್ಲೈಡ್ ಆಯಿತು. ಬೆರಳ ತುದಿ ಸವೆದು ರೇಖೆಯೇ ಮಾಯವಾಗಿತ್ತು. ಒಂದೊಂದನ್ನೂ ಮುಗಿಸಿದ ಕೂಡಲೇ ಮೇಲೆ ಕಳಿಸುತ್ತಿದ್ದೆ. ನೀಲಿ ಕಾಳು ಎಲ್ಲದರಲ್ಲೂ ಇತ್ತು. ಒಂದು ದಿಕ್ಕಿಗೆ ತಿಳಿನೀಲಿ, ತಿರುಗಿಸಿದರೆ ಬಣ್ಣವೇ ಇಲ್ಲ, ಗಾಜು ಅಡ್ಡ ಇಟ್ಟರೆ ಮಂಕು ಬೂದು, ಪುಸ್ತಕದಲ್ಲಿ ಹೇಳಿದ ಸ್ಯಾಫಿರಿನ್ನಿನ ಎಲ್ಲ ಗುಣವೂ ಇತ್ತು. ಪಕ್ಕದಲ್ಲಿ ಕುರಂದ, ಅಭ್ರಕ, ಕಾರ್ಡಿಯರೈಟ್ ಎಂಬ ಇನ್ನೊಂದು ಖನಿಜ. ಬೆಣಚು ಮಾತ್ರ ಇಲ್ಲ.

ಎಂಟನೆಯ ದಿನ ಸಂಜೆ ಮೂರ್ತಿ ಸಾರ್ ಶೆಡ್ಡಿಗೆ ಬಂದರು. ಅವರು ಅಲ್ಲಿಗೆ ಕಾಲಿಟ್ಟದ್ದು ನಾನು ನೋಡಿದಂತೆ ಅದೇ ಮೊದಲು. ಕೆಸರಿನ ಮೇಲೆ ಷೂ ಇಟ್ಟು, ತಟ್ಟೆಯನ್ನು ಮುಟ್ಟಿ ನೋಡಿದರು.

"ಇನ್ನೆಷ್ಟು ಕಲ್ಲು ಉಳಿದಿದೆ?"

"ಒಂದು ಬೆರಳಿನಷ್ಟು ಸಾರ್."

"ಇಟ್ಕೊಳ್ಳಿ. ಸಾಕು." ಬಾಗಿಲವರೆಗೆ ಹೋಗಿ ತಿರುಗಿದರು. "ನನಗೆ ಆ ಗೆರೆ ಮೊದಲನೇ ದಿನವೇ ಕಂಡಿತ್ತು ಲಕ್ಷ್ಮಮ್ಮ. ಬಿರುಕು ಅಂತ ನಾನೇ ನನಗೆ ಹೇಳ್ಕೊಂಡೆ."

ನಾನು ತಟ್ಟೆ ತೊಳೆದೆ. ಅಂದೇ ಅವರು ಹೈದರಾಬಾದಿಗೆ ಫೋನ್ ಮಾಡಿ, ನಾವು ಬರುವುದಿಲ್ಲ, ಆಧಾರ ನಿಂತಿಲ್ಲ ಎಂದು ಹೇಳಿದರು. ನಮಗೆಲ್ಲ ಕೇಳಿಸುವ ಹಾಗೆ ಬಾಗಿಲು ತೆಗೆದಿಟ್ಟೇ ಮಾತಾಡಿದರು. ನನ್ನ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ನನ್ನ ಹೆಸರು ಎತ್ತಲಿಲ್ಲ. ಹಲವು ಮೇಲಧಿಕಾರಿಗಳನ್ನು ಕಂಡಿದ್ದೇನೆ, ಆ ದಿನದಿಂದ ಅವರ ಮೇಲಿನ ಗೌರವ ನನಗೆ ಬೇರೆಯೇ ಆಯಿತು.

ಭವ್ಯ ಅಲ್ಲಿಗೇ ಬಿಡುವವಳಲ್ಲ. ಒಂದು ಗುಂಡಿನಲ್ಲಿ ಇಲ್ಲದ್ದು ಇಡೀ ಪಟ್ಟಿಯಲ್ಲೇ ಇಲ್ಲವೆಂದು ಹೇಗೆ ಹೇಳುವುದು, ನೆಲದಲ್ಲಿ ನೋಡಬೇಕು ಎಂದಳು. ಕೃಷ್ಣಪ್ಪನವರನ್ನು ಹಿಡಿದು ಅವರ ಮಾವನ ಊರಿಗೆ ಹೊರಟಳು. ನನ್ನನ್ನೂ ಕರೆದಳು. ಅಷ್ಟು ವರ್ಷ ಕಲ್ಲು ಕೊಯ್ದಿದ್ದೆ, ಕಲ್ಲು ಹುಟ್ಟಿದ ಜಾಗಕ್ಕೆ ಹೋಗಿರಲಿಲ್ಲ. ಕೃಷ್ಣಪ್ಪ ದಾರಿಯುದ್ದಕ್ಕೂ ನನ್ನ ತಲೆ ತಿಂದರು.

"ಲಕ್ಷ್ಮಕ್ಕ, ನಮ್ ಬೀದೀಲಿ ಎಲ್ರಿಗೂ ಹೇಳ್ಬಿಟ್ಟಿದೀನಿ, ನಮ್ ಮಾವನ ಹೊಲದ ಕಲ್ಲು ಹೈದರಾಬಾದಿಗೆ ಹೋಗತ್ತೆ ಅಂತ. ಈಗ ನೀವು ಇಲ್ಲ ಅಂತೀರ. ನಾನೇನ್ ಮುಖ ತೋರಿಸ್ಲಿ?"

"ಬೆಂದಿದ್ದು ಸ್ವಲ್ಪ ಕಮ್ಮಿ ಅಂತ ಹೇಳಿ ಅಣ್ಣ."

"ಹಂಗಂದ್ರೆ ನಗ್ತಾರೆ" ಎಂದು ಅವರೇ ನಕ್ಕರು.

ಹೊಲದ ಬದುವಿನ ಉದ್ದಕ್ಕೂ ಕಲ್ಲಿನ ಪಟ್ಟಿಯೊಂದು ನೆಲದಿಂದ ಅಷ್ಟಷ್ಟೇ ಎದ್ದಿತ್ತು, ನನ್ನ ತೋಳು ಚಾಚಿದಷ್ಟು ಅಗಲ. ಮಳೆಗೆ ಮಾಸಿ ಹೊರಗೆಲ್ಲ ಕಂದು. ಸುತ್ತಿಗೆಯಲ್ಲಿ ಒಡೆದಾಗ ಒಳಗಿನ ಅಭ್ರಕದ ಹೊಳಪಿನ ನಡುವೆ ನೀಲಿ ಕಾಳು ಚುಕ್ಕೆ ಚುಕ್ಕೆಯಾಗಿ ಕಂಡವು. ನಾಲ್ಕು ಮಾರು ಆಚೆ ಮಾಮೂಲಿ ಬಂಡೆ, ಅದರಲ್ಲಿ ಬೆಣಚು ಬೇಕಾದಷ್ಟು. ನೀಲಿ ಇದ್ದ ಕಡೆ ಬೆಣಚಿಲ್ಲ, ಬೆಣಚು ಇದ್ದ ಕಡೆ ನೀಲಿಯಿಲ್ಲ. ಎರಡು ದಿನ ಬಿಸಿಲಲ್ಲಿ ನಿಂತು ಭವ್ಯ ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಕಲ್ಲು ತೆಗೆದಳು. ಕೃಷ್ಣಪ್ಪ ಚೀಲ ಹಿಡಿದರು.

ವಾಪಸು ಬಂದು ಮತ್ತೆ ತಿಕ್ಕಿದೆವು. ಅಷ್ಟರಲ್ಲಿ ಲ್ಯಾಬಿಗೆ ತಾನೇ ತಿಕ್ಕುವ ಯಂತ್ರ ಬಂದಿತ್ತು, ದಪ್ಪವನ್ನೂ ಅದೇ ಅಳೆಯುತ್ತಿತ್ತು. ಅರ್ಧ ಸ್ಲೈಡ್ ಯಂತ್ರದಲ್ಲಿ, ಅರ್ಧ ನನ್ನ ಕೈಯಲ್ಲಿ. ನಾನು ಯಂತ್ರಕ್ಕೆ ಮೂಗು ಮುರಿಯುವವಳಲ್ಲ, ಬೆನ್ನು ನೋವು ಕಡಿಮೆಯಾದದ್ದು ಅದರಿಂದಲೇ. ಆದರೆ ಸ್ಯಾಫಿರಿನ್ ಕಿತ್ತು ಬರುವ ಮುಂಚಿನ ಸಣ್ಣ ಸದ್ದು ಅದಕ್ಕೆ ಕೇಳುವುದಿಲ್ಲ. ಯಂತ್ರದಲ್ಲಿ ಕೊನೆಯ ಸುತ್ತು ಬಿಟ್ಟು, ಅದನ್ನು ಕೈಯಲ್ಲಿ ಮುಗಿಸಿ. ಈ ಒಂದು ಮಾತು ನೆನಪಿಡಿ.

ಭವ್ಯಳ ಪಿಎಚ್.ಡಿ. ಮುಗಿಯಲು ಒಂದೂವರೆ ವರ್ಷ ಹೆಚ್ಚು ಹಿಡಿಯಿತು. ಮದುವೆ ಮುಂದಕ್ಕೆ ಹೋಯಿತು, ಅಪ್ಪ ಬಯ್ದರಂತೆ. ಈ ಕಲ್ಲು ಹೆಚ್ಚು ಬೆಂದಿಲ್ಲ, ಎಲ್ಲರೂ ಹೇಳುತ್ತಿದ್ದಷ್ಟೇ ಬೆಂದಿದೆ ಎಂದು ಅವಳು ಬರೆದಳು. ಮೂರ್ತಿ ಸಾರ್ ತಮ್ಮ ಹದಿನೆಂಟು ವರ್ಷದ ವಾದವನ್ನು ತಮ್ಮ ವಿದ್ಯಾರ್ಥಿನಿಯ ಕೈಯಲ್ಲೇ ಮುರಿಸಿ, ಅದಕ್ಕೆ ತಾವೇ ಸಹಿ ಹಾಕಿದರು. ಸಹಿ ಹಾಕಿದ ದಿನ ನಾನು ಅಲ್ಲೇ ಇದ್ದೆ.

ಪ್ರಬಂಧ ಅಚ್ಚಾಗಿ ಬಂದಾಗ ಭವ್ಯ ಒಂದು ಪ್ರತಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಇಂಗ್ಲಿಷ್, ನನಗೆ ಓದಲು ಕಷ್ಟ. ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದಳು: "ಎಂ. ಮುನಿಲಕ್ಷ್ಮಿ ಅವರು ತಯಾರಿಸಿದ ನಲವತ್ತೊಂದು ಸ್ಲೈಡುಗಳಲ್ಲಿ ಎಲ್ಲಿಯೂ ಸ್ಯಾಫಿರಿನ್ ಪಕ್ಕದಲ್ಲಿ ಕ್ವಾರ್ಟ್ಸ್ ಕಂಡುಬಂದಿಲ್ಲ."

ಮೂವತ್ತನಾಲ್ಕು ವರ್ಷ ನಾನು ಮಾಡಿಕೊಟ್ಟ ಸ್ಲೈಡುಗಳಲ್ಲಿ ಜನ ಏನೇನೋ ಕಂಡುಹಿಡಿದರು, ಹೆಸರು ಮಾಡಿದರು. ಅವೆಲ್ಲ ಅವರವರ ಹೆಸರಿನಲ್ಲೇ ಅಚ್ಚಾದವು. ನನ್ನ ಹೆಸರು ಅಚ್ಚಾದದ್ದು ಈ ಒಂದು ಸಾಲಿನಲ್ಲಿ ಮಾತ್ರ, ಅದೂ ಏನೂ ಸಿಗಲಿಲ್ಲ ಎಂದು ಹೇಳುವುದಕ್ಕೆ. ನಾನು ಕೈ ಒರೆಸಿಕೊಂಡು ಆ ಸಾಲನ್ನು ಇನ್ನೊಂದು ಸಲ ಓದಿಸಿದೆ.